ಕಂಪನಿ ಸತ್ತಿದೆ, ಕಾಗದ ಉಳಿದಿದೆ: ರಷ್ಯಾದ ಹಳೇ ಷೇರುಪತ್ರಗಳು ಹೇಳೋ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

 

ಇವತ್ತು ಷೇರುಗಳ ಬಗ್ಗೆ ಮಾತಾಡೋಣ. ಆದ್ರೆ ಯಾವ ಷೇರು ತಗೋಬೇಕು, ಯಾವುದನ್ನ ಮಾರಬೇಕು ಅನ್ನೋ ಟಿಪ್ಸ್ ನನ್ನಿಂದ ನಿರೀಕ್ಷೆ ಮಾಡಬೇಡಿ. ನಾನು ಕೂಡಿಡೋ ಷೇರುಗಳು ಕೊಟ್ಟ ಕಂಪನಿಗಳು ಕಣ್ಮುಚ್ಚಿ ನೂರು ವರ್ಷ ದಾಟಿದೆ. ಅವುಗಳಿಗೆ ಅನುಮತಿ ಕೊಟ್ಟ ಚಕ್ರವರ್ತಿ ಇಲ್ಲ, ಲಾಭಾಂಶ ಕೊಡ್ತಿದ್ದ ಬ್ಯಾಂಕುಗಳಿಲ್ಲ, ಆ ಸಾಮ್ರಾಜ್ಯವೇ ಇಲ್ಲ. ಕಾಗದ ಮಾತ್ರ ಇದೆ. ದೊಡ್ಡ ಹಾಳೆ, ಅಂಚಿಗೆಲ್ಲ ಬಳ್ಳಿಯ ಚಿತ್ತಾರ, ಮೇಲೆ ರಷ್ಯನ್ ಅಕ್ಷರ, ಕೆಳಗೆ ನಿರ್ದೇಶಕರ ಸಹಿ. 1917ರ ಕ್ರಾಂತಿಗೆ ಮುಂಚಿನ ರಷ್ಯಾದ ಕಂಪನಿಗಳ ಷೇರುಪತ್ರಗಳು.

ಹಳೇ ಷೇರುಪತ್ರ, ಬಾಂಡುಗಳನ್ನ ಸಂಗ್ರಹಿಸೋ ಹವ್ಯಾಸಕ್ಕೆ ಸ್ಕ್ರಿಪೋಫಿಲಿ ಅಂತಾರೆ. ನಾಣ್ಯ, ಸ್ಟ್ಯಾಂಪುಗಳಷ್ಟು ಹಳೇ ಹವ್ಯಾಸ ಅಲ್ಲ ಇದು. 1970ರ ದಶಕದಲ್ಲಿ ಯುರೋಪಿನಲ್ಲಿ ಇದಕ್ಕೊಂದು ಹೆಸರು ಸಿಕ್ಕಿತು, 1978ರಲ್ಲಿ ಸಂಗ್ರಹಕಾರರ ಅಂತರರಾಷ್ಟ್ರೀಯ ಸಂಘ ಹುಟ್ಟಿತು. ನಾನು ಇದಕ್ಕೆ ಬಂದಿದ್ದು ಸ್ಟ್ಯಾಂಪುಗಳ ದಾರಿಯಿಂದ. ರಷ್ಯಾದವನ್ನೇ ಯಾಕೆ ಆರಿಸಿಕೊಂಡೆ ಅಂತ ಎಲ್ಲರೂ ಕೇಳ್ತಾರೆ. ಬೇರೆ ದೇಶಗಳಲ್ಲಿ ಕಂಪನಿಗಳು ಒಂದೊಂದಾಗಿ ಮುಳುಗಿದವು. ಆದ್ರೆ ಒಂದು ದೇಶದ ಎಲ್ಲಾ ದೊಡ್ಡ ಕಂಪನಿಗಳ ಷೇರುಗಳೂ, ಒಳ್ಳೆಯದು ಕೆಟ್ಟದ್ದು ಅನ್ನೋ ಭೇದ ಇಲ್ಲದೆ, ಕೆಲವೇ ತಿಂಗಳಲ್ಲಿ ಬರೀ ಕಾಗದ ಆಗಿಬಿಟ್ಟ ಇಷ್ಟು ದೊಡ್ಡ ಉದಾಹರಣೆ ಅದಕ್ಕೆ ಮುಂಚೆ ಇರಲಿಲ್ಲ. ಷೇರು ಅಂದ್ರೆ ಏನು, ಅದರ ಬೆಲೆ ಯಾತರ ಮೇಲೆ ನಿಂತಿದೆ ಅನ್ನೋದು ನನಗೆ ಅರ್ಥ ಆಗಿದ್ದು ಈ ಕಾಗದಗಳಿಂದಲೇ.

ಒಂದು ಪತ್ರ ಓದೋಣ ಬನ್ನಿ

ಮೊದಲು ಇಂಥ ಪತ್ರವನ್ನ ಓದೋದು ಹೇಗೆ ನೋಡೋಣ. ರಷ್ಯನ್ ಬರಬೇಕಾಗಿಲ್ಲ. ಬಹಳಷ್ಟು ಪತ್ರಗಳಲ್ಲಿ ರಷ್ಯನ್ ಜೊತೆಗೆ ಫ್ರೆಂಚ್ ಇರುತ್ತೆ, ಕೆಲವದರಲ್ಲಿ ಜರ್ಮನ್, ಇಂಗ್ಲಿಷ್ ಕೂಡ. ಕಾರಣ ಸರಳ. ದುಡ್ಡು ಬರ್ತಿದ್ದದ್ದು ಪ್ಯಾರಿಸ್, ಬ್ರಸೆಲ್ಸ್, ಬರ್ಲಿನ್, ಲಂಡನ್ನಿನಿಂದ. 1892ರಿಂದ 1903ರವರೆಗೆ ಹಣಕಾಸು ಮಂತ್ರಿಯಾಗಿದ್ದ ಸೆರ್ಗೇಯ್ ವಿಟ್ಟೆ, 1897ರಲ್ಲಿ ರೂಬಲ್‌ನ ಬೆಲೆಯನ್ನ ಚಿನ್ನಕ್ಕೆ ಕಟ್ಟಿಹಾಕಿದ್ರು. ಇನ್ಮೇಲೆ ರೂಬಲ್ ಅಲ್ಲಾಡಲ್ಲ ಅಂತ ಹೊರದೇಶದ ಜನಕ್ಕೆ ಧೈರ್ಯ ಬಂತು. ಹಾಗಾಗಿ ಆಮೇಲಿನ ಎಷ್ಟೋ ಪತ್ರಗಳಲ್ಲಿ 187 ರೂಬಲ್ 50 ಕೊಪೆಕ್ ಅನ್ನೋ ವಿಚಿತ್ರ ಮೊತ್ತ ಕಾಣುತ್ತೆ. ಇದೇನಪ್ಪಾ ಲೆಕ್ಕ ಅಂದ್ಕೊಳ್ಳೋದು ಸಹಜ. ಅದು ಸರಿಯಾಗಿ 500 ಫ್ರಾಂಕ್. ಅಂದ್ರೆ ಆ ಕಾಗದ ಮುದ್ರಿಸುವಾಗಲೇ ಫ್ರಾನ್ಸಿನ ಕೊಳ್ಳುಗನನ್ನ ಮನಸ್ಸಲ್ಲಿ ಇಟ್ಕೊಂಡಿದ್ರು.

ಎರಡನೇದು, ಹೆಸರಿನ ಹತ್ತಿರ 'ಚಕ್ರವರ್ತಿಯ ಅನುಮೋದನೆ' ಅನ್ನೋ ಅರ್ಥದ ಸಾಲು, ಜೊತೆಗೊಂದು ತಾರೀಕು. ಇವತ್ತು ನಾವು ಆನ್‌ಲೈನಿನಲ್ಲಿ ಫಾರಂ ತುಂಬಿ ಕಂಪನಿ ನೋಂದಣಿ ಮಾಡಿಸ್ತೀವಿ. ಅಲ್ಲಿ ಹಾಗಿರಲಿಲ್ಲ. 1836ರಲ್ಲಿ ಮೊದಲನೇ ನಿಕೊಲಾಯ್ ಕಾಲದಲ್ಲಿ ಬಂದ ಕಾನೂನಿನ ಪ್ರಕಾರ ಪ್ರತಿ ಕಂಪನಿಯ ನಿಯಮಾವಳಿಗೂ ಬೇರೆಬೇರೆಯಾಗಿ ಮೇಲಿನಿಂದ ಒಪ್ಪಿಗೆ ಬರಬೇಕಿತ್ತು. ವ್ಯಾಪಾರ ಮಾಡೋದು ಹಕ್ಕಲ್ಲ, ದೊರೆ ಕೊಡೋ ಅನುಗ್ರಹ. ಈ ಸಾಲು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಮೂರನೇದು, ಅಕ್ಷರಗಳು. ಇಂಗ್ಲಿಷಿನ ಸಣ್ಣ 'ಬಿ'ಗೆ ಎಡಗಡೆ ಪುಟ್ಟ ಬಾಲ ಇಟ್ಟಂತಿರೋ ಒಂದು ಅಕ್ಷರ ಪದಗಳ ಕೊನೆಯಲ್ಲಿ ಮತ್ತೆ ಮತ್ತೆ ಬರ್ತಿದ್ರೆ ಅದು ಹಳೇ ಬರವಣಿಗೆ. ಅದಕ್ಕೆ ಉಚ್ಚಾರಣೆಯೇ ಇಲ್ಲ, ಸುಮ್ಮನೆ ಕೂತಿರುತ್ತೆ. 1918ರ ಕಾಗುಣಿತ ಸುಧಾರಣೆಯಲ್ಲಿ ಅದನ್ನ ಪದಗಳ ಕೊನೆಯಿಂದ ತೆಗೆದ್ರು, ಇನ್ನು ಕೆಲವು ಅಕ್ಷರಗಳನ್ನ ವರ್ಣಮಾಲೆಯಿಂದಲೇ ಕೈಬಿಟ್ಟರು. ನಮ್ಮ ಕನ್ನಡದಲ್ಲಿ ಱ, ೞ ಬಳಕೆ ತಪ್ಪಿಹೋದವಲ್ಲ, ಹೆಚ್ಚುಕಡಿಮೆ ಹಾಗೇ. ವ್ಯತ್ಯಾಸ ಇಷ್ಟೇ: ನಮ್ಮಲ್ಲಿ ಅದಕ್ಕೆ ಶತಮಾನಗಳು ಹಿಡಿದವು, ಅಲ್ಲಿ ಸರ್ಕಾರಿ ಆದೇಶ ಸಾಕಾಯ್ತು.

ಕೊನೇದು, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೂಪನ್ ಹಾಳೆ. ಷೇರುಪತ್ರದ ಜೊತೆ ಕ್ಯಾಲೆಂಡರಿನ ಮನೆಗಳ ಥರ ಪುಟ್ಟ ಪುಟ್ಟ ಚೀಟಿಗಳು ಇರ್ತಿದ್ವು. ಒಂದೊಂದರ ಮೇಲೂ ಒಂದೊಂದು ವರ್ಷ ಅಥವಾ ಸಂಖ್ಯೆ. ವರ್ಷದ ಲಾಭಾಂಶ ಘೋಷಣೆಯಾದ ಮೇಲೆ ಷೇರುದಾರ ಕತ್ತರಿ ತಗೊಂಡು ಆ ವರ್ಷದ ಚೀಟಿ ಕತ್ತರಿಸಿ ಬ್ಯಾಂಕಿಗೆ ಕೊಟ್ರೆ ದುಡ್ಡು. ಚೀಟಿಗಳೆಲ್ಲ ಮುಗಿದ್ರೆ ಹೊಸ ಹಾಳೆ ಪಡೆಯೋಕೆ ಟಾಲೊನ್ ಅನ್ನೋ ಇನ್ನೊಂದು ತುಂಡು. ಪತ್ರದ ಮೇಲೆ ಯಾರ ಹೆಸರೂ ಇಲ್ಲದಿದ್ರೆ, ಅದು ಯಾರ ಕೈಲಿದೆಯೋ ಅವರದೇ. ನಿಮ್ಮ ಡಿಮ್ಯಾಟ್ ಖಾತೆ, ಪಾಸ್‌ವರ್ಡ್, ಒಟಿಪಿ ಎಲ್ಲವೂ ಆ ಒಂದು ಹಾಳೆಯಲ್ಲೇ.

ಈಗ ಬಹಳಷ್ಟು ಪತ್ರಗಳಲ್ಲಿ ಏನು ಕಾಣುತ್ತೆ ಗೊತ್ತಾ? 1914, 1915, 1916ರ ಕಡೆಯ ಚೀಟಿಗಳಿಲ್ಲ, ನೀಟಾಗಿ ಕತ್ತರಿಸಿದ್ದಾರೆ. ಅಲ್ಲಿಂದ ಮುಂದೆ ಎಲ್ಲವೂ ಹಾಗೇ ಇವೆ. 1918, 1919, 1920, ಸಾಲಾಗಿ. ಯಾರೋ ಇನ್ನೂ ಹತ್ತು ವರ್ಷದ ಲಾಭಾಂಶ ಬರುತ್ತೆ ಅಂತ ಮುದ್ರಿಸಿದ್ರು, ಇನ್ಯಾರೋ ಅದನ್ನ ನಂಬಿ ಬೀರುವಿನಲ್ಲಿಟ್ಟರು. ಬದುಕು ಯಾವ ವರ್ಷ ನಿಂತಿತು ಅಂತ ಕತ್ತರಿ ನಿಂತ ಜಾಗವೇ ಹೇಳುತ್ತೆ.

ಬೆಂಕಿಯ ಗುಡಿಯ ಪಕ್ಕದ ಎಣ್ಣೆ

ಈಗ ಕಂಪನಿಗಳ ಕಥೆಗೆ ಬರೋಣ. ಮೊದಲು ಬಾಕು. ಇವತ್ತಿನ ಅಜರ್‌ಬೈಜಾನ್‌ನ ರಾಜಧಾನಿ. ಆಗ ರಷ್ಯಾ ಸಾಮ್ರಾಜ್ಯದ ಒಂದು ಭಾಗ.

ಬಾಕು ಹತ್ತಿರ ಸುರಾಖಾನಿ ಅಂತ ಊರು. ಅಲ್ಲಿ ನೆಲದಿಂದ ತಾನಾಗೇ ಅನಿಲ ಬಂದು ಉರೀತಾ ಇತ್ತು. ಅದರ ಸುತ್ತ ಆತೆಶ್‌ಗಾಹ್ ಅನ್ನೋ ಅಗ್ನಿಮಂದಿರ. 18ನೇ ಶತಮಾನದಲ್ಲಿ ಭಾರತದಿಂದ ಹೋದ ವ್ಯಾಪಾರಿಗಳು, ಸಾಧುಗಳು ಅಲ್ಲಿ ಇದ್ದು ಪೂಜೆ ಮಾಡ್ತಿದ್ರು. ಇವತ್ತಿಗೂ ಗೋಡೆಯ ಮೇಲೆ ನಾಗರಿ, ಗುರುಮುಖಿ ಶಾಸನಗಳಿವೆ. ಒಂದು ಶಾಸನ ಗಣೇಶನಿಗೆ ನಮಸ್ಕಾರ ಹೇಳ್ತಾ ಶುರುವಾಗುತ್ತೆ. ಕಾಸ್ಪಿಯನ್ ಸಮುದ್ರದ ದಡದಲ್ಲಿ ನಮ್ಮ ಗಣಪ!

1850ರ ದಶಕದ ಕೊನೆಯಲ್ಲಿ ಇದೇ ಗುಡಿಯ ಪಕ್ಕದಲ್ಲಿ ವಾಸಿಲಿ ಕೊಕೊರೆವ್ ಅನ್ನೋ ವ್ಯಾಪಾರಿ ಸೀಮೆಎಣ್ಣೆ ತೆಗೆಯೋ ಕಾರ್ಖಾನೆ ಹಾಕಿದ. ಕೆಲಸ ಸರಿಹೋಗ್ತಿಲ್ಲ ಅಂದಾಗ ಸಲಹೆ ಕೇಳೋಕೆ 1863ರಲ್ಲಿ ಒಬ್ಬ ಯುವ ರಸಾಯನಶಾಸ್ತ್ರಜ್ಞನನ್ನ ಕರೆಸಿದ. ಅವರ ಹೆಸರು ದ್ಮಿತ್ರಿ ಮೆಂಡಲೀವ್. ಹೌದು, ಪಿಯುಸಿಯಲ್ಲಿ ನಿಮ್ಮ ನಿದ್ದೆ ಕೆಡಿಸಿದ ಆವರ್ತಕ ಕೋಷ್ಟಕದ ಮೆಂಡಲೀವ್. 1874ರಲ್ಲಿ ಕೊಕೊರೆವ್ ಮತ್ತು ಪ್ಯೋತ್ರ್ ಗುಬೋನಿನ್ ಸೇರಿ ಬಾಕು ಎಣ್ಣೆ ಕಂಪನಿ ಕಟ್ಟಿದ್ರು. ಷೇರು ಬಂಡವಾಳದ ಮೇಲೆ ನಿಂತ ರಷ್ಯಾದ ಮೊದಲ ಎಣ್ಣೆ ಕಂಪನಿ ಇದು. ಎಣ್ಣೆ ಉದ್ಯಮ ಬೆಳೀತಾ ಹೋದ ಹಾಗೆ ಗುಡಿಯ ಸಹಜ ಜ್ವಾಲೆ ಆರಿಹೋಯ್ತು. ಇವತ್ತು ಪ್ರವಾಸಿಗಳು ಅಲ್ಲಿ ನೋಡೋ ಬೆಂಕಿ ಪೈಪಿನಲ್ಲಿ ಬರೋ ಅನಿಲದ್ದು. ಬಾಕುವಿನ ಎಣ್ಣೆ ಷೇರು ಕೈಗೆತ್ತಿಕೊಂಡಾಗಲೆಲ್ಲ ನನಗೆ ಆ ಆರಿದ ಜ್ವಾಲೆ ನೆನಪಾಗುತ್ತೆ. ಲಾಭಾಂಶದ ಚೀಟಿಯಲ್ಲಿ ಆ ಲೆಕ್ಕ ಎಲ್ಲೂ ಬರೆದಿಲ್ಲ.

ಬಾಕುವಿನ ದೊಡ್ಡ ಹೆಸರು ಅಂದ್ರೆ ನೊಬೆಲ್ ಸಹೋದರರು. 1873ರಲ್ಲಿ ರಾಬರ್ಟ್ ನೊಬೆಲ್ ಆ ಕಡೆಗೆ ಹೋಗಿದ್ದು ಎಣ್ಣೆಗಲ್ಲ, ಅಕ್ರೋಟ್ ಮರಕ್ಕೆ. ತಮ್ಮ ಲುಡ್ವಿಗ್ ರಷ್ಯಾ ಸೈನ್ಯಕ್ಕೆ ಬಂದೂಕು ಮಾಡಿಕೊಡೋ ಗುತ್ತಿಗೆ ಹಿಡಿದಿದ್ದ, ಬಂದೂಕಿನ ಹಿಡಿಗೆ ಒಳ್ಳೇ ಮರ ಬೇಕಿತ್ತು. ರಾಬರ್ಟ್ ಮರ ತರೋಕೆ ಕೊಟ್ಟ ದುಡ್ಡಲ್ಲಿ ಎಣ್ಣೆ ಶುದ್ಧೀಕರಣ ಘಟಕ ಕೊಂಡುಬಿಟ್ಟ. ನಮ್ಮ ಮನೆಯಲ್ಲಾಗಿದ್ರೆ ತರಕಾರಿಗೆ ಅಂತ ಕೊಟ್ಟ ದುಡ್ಡಲ್ಲಿ ಇದೇನೋ ತಂದೆ ಅಂತ ಬೈಸಿಕೊಳ್ಳಬೇಕಿತ್ತು. 1878ರಲ್ಲಿ ಅವರು ಕಾಸ್ಪಿಯನ್‌ನಲ್ಲಿ ಇಳಿಸಿದ 'ಜೊರೊಆಸ್ಟರ್' ಜಗತ್ತಿನ ಮೊದಲ ಯಶಸ್ವಿ ಎಣ್ಣೆ ಟ್ಯಾಂಕರ್ ಹಡಗು. 1879ರಲ್ಲಿ 30 ಲಕ್ಷ ರೂಬಲ್ ಬಂಡವಾಳದಲ್ಲಿ ಕಂಪನಿ ಶುರುವಾಯ್ತು. ಇನ್ನೊಬ್ಬ ಸಹೋದರ ಆಲ್ಫ್ರೆಡ್ ನೊಬೆಲ್‌ದೂ ಅದರಲ್ಲಿ ಪಾಲು. 20ನೇ ಶತಮಾನ ಶುರುವಾಗೋ ಹೊತ್ತಿಗೆ ಜಗತ್ತಿನ ಎಣ್ಣೆಯಲ್ಲಿ ಸುಮಾರು ಅರ್ಧ ಬಾಕುವಿನಿಂದಲೇ ಬರ್ತಿತ್ತು.

1896ರಲ್ಲಿ ಆಲ್ಫ್ರೆಡ್ ತೀರಿಕೊಂಡ. ಉಯಿಲಿನ ಪ್ರಕಾರ ಆಸ್ತಿಯೆಲ್ಲ ಮಾರಿ ಬಹುಮಾನಗಳಿಗೆ ನಿಧಿ ಮಾಡಬೇಕು. ಅದರಲ್ಲಿ ಬಾಕು ಷೇರುಗಳೂ ಇದ್ವು. ಕುಟುಂಬದಲ್ಲಿ ವಿರೋಧ ಎದ್ದಿತು. ಲುಡ್ವಿಗ್‌ನ ಮಗ ಇಮ್ಯಾನುಯೆಲ್ ಮಾತ್ರ ಚಿಕ್ಕಪ್ಪನ ಇಚ್ಛೆ ನಡೀಬೇಕು ಅಂತ ನಿಂತ. ಹಾಗಾಗಿ 1930ರಲ್ಲಿ ಸರ್ ಸಿ.ವಿ. ರಾಮನ್ ಅವರಿಗೆ ಬಂದ ಬಹುಮಾನದ ಮೂಲ ಹುಡುಕಿಕೊಂಡು ಹೋದ್ರೆ ಅದರಲ್ಲಿ ಬಾಕು ಎಣ್ಣೆಯ ಒಂದೆರಡು ಹನಿ ಸಿಗುತ್ತೆ.

ಇಲ್ಲೊಂದು ಸ್ವಾರಸ್ಯ ಇದೆ. ರಷ್ಯಾದಲ್ಲಿ ಷೇರಿಗೆ ಎರಡು ಪದ. 'ಆಕ್ತ್ಸಿಯಾ' ಮತ್ತು 'ಪಾಯ್'. ಪಾಯ್ ಅಂದ್ರೆ ಪಾಲು. ಕಿವಿಗೆ ನಮ್ಮ ಹಳೇ ಕಾಲದ ಪೈ ಥರ ಕೇಳಿಸಿದ್ರೂ ಅದು ಪುಡಿಗಾಸಲ್ಲ, ಸಾವಿರಾರು ರೂಬಲ್‌ನ ಕಾಗದ. ಮಾಸ್ಕೋದ ಬಟ್ಟೆ ಗಿರಣಿ ಕುಟುಂಬಗಳು ಸಾಮಾನ್ಯವಾಗಿ ಪಾಯ್ ಇಟ್ಕೊಳ್ತಿದ್ರು. ಬೆಲೆ ಅಷ್ಟು ಜಾಸ್ತಿ ಇದ್ದದ್ದರಿಂದ ಅದು ಮನೆ ಬಿಟ್ಟು ಹೊರಗೆ ಹೋಗ್ತಿರಲಿಲ್ಲ. ಪೀಟರ್ಸ್‌ಬರ್ಗಿನ ಕಂಪನಿಗಳು 100, 250 ರೂಬಲ್‌ನ ಆಕ್ತ್ಸಿಯಾ ಮುದ್ರಿಸಿ ಪೇಟೆಗೆ ಬಿಡ್ತಿದ್ವು. ಕಂಪನಿ ಮನೆಯದೋ, ಪೇಟೆಯದೋ ಅಂತ ಕಾಗದದ ಮೇಲಿನ ಪದ ನೋಡಿ ಊಹಿಸಬಹುದು.

ಊರು ಹುಟ್ಟಿಸಿದ ಕಂಪನಿ

ಇನ್ನೊಂದು ಪತ್ರ ಲಂಡನ್ನಿನದು. ಹೆಸರು ನ್ಯೂ ರಷ್ಯಾ ಕಂಪನಿ, 1869. ವೇಲ್ಸ್‌ನ ಮರ್ಥರ್ ಟಿಡ್ವಿಲ್ ಊರಿನ ಜಾನ್ ಹ್ಯೂಸ್ ಅನ್ನೋ ಕಬ್ಬಿಣದ ಕೆಲಸದ ಮನುಷ್ಯ ರಷ್ಯಾ ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಂಡು, ಮರುವರ್ಷ ತನ್ನ ಕೆಲಸಗಾರರನ್ನ, ಯಂತ್ರಗಳನ್ನ ಹಡಗಿಗೆ ಹೇರಿಕೊಂಡು ಕಪ್ಪು ಸಮುದ್ರದ ಕಡೆಗೆ ಹೊರಟ. ಕಲ್ಲಿದ್ದಲು ಸಿಗೋ ಬಯಲಲ್ಲಿ ಕುಲುಮೆ ಹಾಕಿದ, ರೈಲು ಹಳಿ ಮಾಡಿದ. ಸುತ್ತ ಬೆಳೆದ ಊರಿಗೆ ಅವನ ಹೆಸರೇ ಬಂತು. ರಷ್ಯನ್ ನಾಲಿಗೆಯಲ್ಲಿ ಹ್ಯೂಸ್ ಹೋಗಿ ಯೂಜ್ ಆಗಿ, ಊರು ಯೂಜೊವ್ಕಾ ಆಯ್ತು. 1924ರಲ್ಲಿ ಅದು ಸ್ಟಾಲಿನೊ. 1961ರಲ್ಲಿ ದೊನೆತ್ಸ್ಕ್. ಯುದ್ಧದ ಸುದ್ದಿಯಲ್ಲಿ ನೀವು ಕೇಳ್ತಾ ಬಂದಿರೋ ಉಕ್ರೇನ್‌ನ ಅದೇ ದೊನೆತ್ಸ್ಕ್.

ಇದನ್ನ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, 'ರಷ್ಯಾ ಷೇರು' ಅಂತ ಹರಾಜಿನ ಪಟ್ಟಿಯಲ್ಲಿ ಬರೆದಿರೋ ಎಷ್ಟೋ ಪತ್ರಗಳು ಇವತ್ತಿನ ರಷ್ಯಾದವಲ್ಲ. ಎಣ್ಣೆ ಅಜರ್‌ಬೈಜಾನ್‌ನದು. ಕಲ್ಲಿದ್ದಲು, ಉಕ್ಕು ಉಕ್ರೇನ್‌ನದು. ಒಡೆಸ್ಸಾದ ಟ್ರಾಮ್ ಉಕ್ರೇನ್‌ನದು, ತ್ಬಿಲಿಸಿಯ ಟ್ರಾಮ್ ಜಾರ್ಜಿಯಾದ್ದು, ಎರಡರ ಹಿಂದೆಯೂ ಬೆಲ್ಜಿಯಂನ ಬಂಡವಾಳ. ಒಂದೇ ಕಾಗದದ ಮೇಲೆ ಮೂರು ದೇಶಗಳ ಕಥೆ. ನನ್ನ ಆಲ್ಬಂನಲ್ಲಿ ಪ್ರತಿ ಪತ್ರದ ಕೆಳಗೆ ಅದರ ಊರಿನ ಇವತ್ತಿನ ಹೆಸರು, ಇವತ್ತಿನ ದೇಶ ಬರೆದಿಡ್ತೀನಿ. ಸಾಮ್ರಾಜ್ಯದ ಲೇಬಲ್ ಒಂದನ್ನೇ ಉಳಿಸೋದು ಆ ಊರುಗಳಿಗೆ ಅನ್ಯಾಯ ಅನ್ಸುತ್ತೆ.

ಲೆನಾ ನದಿಯ ಚಿನ್ನ

ಈಗ ಹೇಳೋ ಪತ್ರವನ್ನ ನಾನು ಗೋಡೆಗೆ ಹಾಕಲ್ಲ.

ಸೈಬೀರಿಯಾದ ಲೆನಾ ನದಿಯ ಸೀಮೆಯಲ್ಲಿ, ಬೊದೈಬೊ ಸುತ್ತ, ಚಿನ್ನದ ಗಣಿಗಳಿದ್ವು. ಕಂಪನಿಯನ್ನ ಚಿಕ್ಕದಾಗಿ ಲೆನ್‌ಜೊತೊ ಅಂತಿದ್ರು. 1908ರಲ್ಲಿ ಲಂಡನ್ನಿನಲ್ಲಿ ಲೆನಾ ಗೋಲ್ಡ್‌ಫೀಲ್ಡ್ಸ್ ಅನ್ನೋ ಕಂಪನಿ ನೋಂದಣಿಯಾಗಿ ಅದರ ಬಹುಪಾಲು ಷೇರು ಹಿಡಿದುಕೊಂಡಿತು. ಪೀಟರ್ಸ್‌ಬರ್ಗಿನ ಷೇರುಪೇಟೆಯಲ್ಲಿ ಲೆನಾ ಷೇರು ಅಂದ್ರೆ ಜನ ಮುಗಿಬೀಳ್ತಿದ್ರು.

ಗಣಿಯಲ್ಲಿ ಪರಿಸ್ಥಿತಿ ಬೇರೆ. ಚಳಿಗೆ ನೆಲವೇ ಹೆಪ್ಪುಗಟ್ಟೋ ಜಾಗ, ದಿನಕ್ಕೆ ಹನ್ನೊಂದು ಗಂಟೆಗೂ ಮಿಕ್ಕಿ ಕೆಲಸ, ಕಂಪನಿಯದೇ ಅಂಗಡಿಯಲ್ಲಿ ರೇಷನ್. 1912ರಲ್ಲಿ ಆ ಅಂಗಡಿಯಲ್ಲಿ ಕೊಳೆತ ಮಾಂಸ ಕೊಟ್ರು ಅನ್ನೋದರಿಂದ ಮುಷ್ಕರ ಹೊತ್ತಿಕೊಂಡಿತು. ಕೆಲಸದ ಹೊತ್ತು ಕಡಿಮೆ ಮಾಡಿ, ಕೂಲಿ ಜಾಸ್ತಿ ಮಾಡಿ, ನಮ್ಮನ್ನ ಮರ್ಯಾದೆಯಿಂದ ಮಾತಾಡಿಸಿ ಅಂತ ಕೇಳಿದ್ರು. ಏಪ್ರಿಲ್ 4ರಂದು, ನಮ್ಮ ಕ್ಯಾಲೆಂಡರಿನಲ್ಲಿ ಅದು 17, ಬಂಧನದಲ್ಲಿದ್ದ ನಾಯಕರನ್ನ ಬಿಡಿ ಅಂತ ಕೇಳೋಕೆ ನಡ್ಕೊಂಡು ಬರ್ತಿದ್ದ ಸಾವಿರಾರು ಜನರ ಮೇಲೆ ಸೈನಿಕರು ಗುಂಡು ಹಾರಿಸಿದ್ರು. ಸತ್ತವರು 150ಕ್ಕೂ ಹೆಚ್ಚು, ಕೆಲವು ಲೆಕ್ಕದಲ್ಲಿ 270. ವಿಚಾರಣೆಗೆ ಅಲ್ಲಿಗೆ ಹೋದವರಲ್ಲಿ ಅಲೆಕ್ಸಾಂದರ್ ಕೆರೆನ್‌ಸ್ಕಿ ಅನ್ನೋ ಯುವ ವಕೀಲರೂ ಇದ್ರು. ಐದು ವರ್ಷದ ಮೇಲೆ ಅವರೇ ರಷ್ಯಾದ ಪ್ರಧಾನಿಯಾದ್ರು.

ಇಲ್ಲಿ ನಮ್ಮ ಕೋಲಾರ ನೆನಪಾಗದೇ ಇರಲ್ಲ. 1880ರಲ್ಲಿ ಲಂಡನ್ನಿನಲ್ಲೇ ಹುಟ್ಟಿದ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿಯ ಷೇರುಗಳೂ ಸಂಗ್ರಹಕಾರರ ಪೇಟೆಗೆ ಬರುತ್ತವೆ. ಕೆಜಿಎಫ್ ಚಿನ್ನ, ಲೆನಾ ಚಿನ್ನ, ಎರಡರ ಷೇರೂ ಲಂಡನ್ನಿನ ಒಂದೇ ಪೇಟೆಯಲ್ಲಿ ಕೈ ಬದಲಾಯಿಸ್ತಿದ್ವು. ಎರಡೂ ಕಡೆ ಷೇರುದಾರ ಗಣಿಯ ಬಾಯಿ ಕೂಡ ನೋಡಿರಲಿಲ್ಲ. ಆದ್ರೆ ಕೊನೆ ಬೇರೆ ಬೇರೆ. ಕೋಲಾರದ ಗಣಿಗಳನ್ನ 1956ರಲ್ಲಿ ಮೈಸೂರು ಸರ್ಕಾರ ಪರಿಹಾರ ಕೊಟ್ಟು ತಗೊಂಡಿತು. ರಷ್ಯಾದಲ್ಲಿ ಏನಾಯ್ತು ಅನ್ನೋದು ಮುಂದಿನ ಮಾತು.

ಆರು ತಿಂಗಳಲ್ಲಿ ಎಲ್ಲವೂ ಬರೀ ಕಾಗದ

ಅಧಿಕಾರ ಹಿಡಿದ ಬೊಲ್ಶೆವಿಕರು 1917ರ ಡಿಸೆಂಬರಿನಲ್ಲಿ ಖಾಸಗಿ ಬ್ಯಾಂಕುಗಳನ್ನ ರಾಷ್ಟ್ರೀಕರಣ ಮಾಡಿದ್ರು. ಮುಂದಿನ ತಿಂಗಳು, 1918ರ ಜನವರಿಯಲ್ಲಿ, ತ್ಸಾರ್ ಸರ್ಕಾರ ಮಾಡಿದ್ದ ಸಾಲಗಳೆಲ್ಲ ರದ್ದು ಅಂದ್ರು. ಹೊರದೇಶದ ಸಾಲಗಳಿಗೆ ಒಂದೂ ವಿನಾಯಿತಿ ಇಲ್ಲ. ಜೂನ್ 28ಕ್ಕೆ ದೊಡ್ಡ ಕೈಗಾರಿಕೆಗಳೆಲ್ಲ ಸರ್ಕಾರದ್ದು ಅನ್ನೋ ಆದೇಶ. ಷೇರುದಾರರಿಗೆ ಪರಿಹಾರ ಇಲ್ಲ.

ಹೋಲಿಸಿ ನೋಡಿ. ಪೇಟೆ ಕುಸಿದಾಗ ನಮ್ಮ ಷೇರು 20 ಪರ್ಸೆಂಟ್, 50 ಪರ್ಸೆಂಟ್ ಬೀಳುತ್ತೆ. ಕಂಪನಿ ಮುಳುಗಿದ್ರೆ ಆ ಒಂದು ಷೇರು ಸೊನ್ನೆ. ಇಲ್ಲಿ ಕಾರ್ಖಾನೆ ಇದೆ, ಗಣಿ ಇದೆ, ಎಣ್ಣೆ ಬಾವಿ ಇದೆ, ಕೆಲಸಗಾರರಿದ್ದಾರೆ. ಇಲ್ಲವಾದದ್ದು ನಿಮ್ಮ ಹಕ್ಕನ್ನ ಹಕ್ಕು ಅಂತ ಒಪ್ಪೋ ಸರ್ಕಾರ ಮಾತ್ರ. ಮೊದಲು ಹೇಳಿದ ಆ ಸಾಲು ನೆನಪಿದೆಯಲ್ಲ, ಚಕ್ರವರ್ತಿಯ ಅನುಮೋದನೆ? ಯಾರ ಮಾತಿನ ಮೇಲೆ ಆ ಪತ್ರ ನಿಂತಿತ್ತೋ ಅವರ ಮಾತಿಗೇ ಬೆಲೆ ಹೋಯ್ತು. ಹಾಗಂತ ಇದು ಬರೀ ಷೇರುದಾರರ ದುಃಖದ ಕಥೆ ಅಂತಾನೂ ನಾನು ಹೇಳಲ್ಲ. ಲೆನಾದಲ್ಲಿ ಸತ್ತವರ ಮನೆಯವರು ಆ ಆದೇಶವನ್ನ ಬೇರೆ ಥರ ಕೇಳಿರ್ತಾರೆ. ಎರಡೂ ಕಡೆಯ ಸತ್ಯ ಒಂದೇ ಕಾಗದದಲ್ಲಿದೆ, ಅದಕ್ಕೇ ಅದು ನನಗೆ ಮುಖ್ಯ.

ಆದ್ರೂ ಜನ ಆಸೆ ಬಿಡಲಿಲ್ಲ. 1920ರ ಏಪ್ರಿಲ್ 28ರಂದು ಕೆಂಪು ಸೈನ್ಯ ಬಾಕು ಹಿಡಿಯಿತು. ಅದಾಗಿ ಮೂರು ತಿಂಗಳಿಗೆ, ಜುಲೈನಲ್ಲಿ, ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಆಫ್ ನ್ಯೂಜೆರ್ಸಿ ನೊಬೆಲ್ ಕುಟುಂಬದ ರಷ್ಯಾ ಹಿತಾಸಕ್ತಿಯಲ್ಲಿ ಅರ್ಧ ಪಾಲು ಕೊಂಡಿತು. ಮೊದಲ ಕಂತು 65 ಲಕ್ಷ ಡಾಲರ್. ಬಾವಿಗಳು ಆಗಲೇ ಬೇರೆಯವರ ಕೈಲಿದ್ವು, ಮಾರಿದ್ದು ಕಾಗದವನ್ನ ಮಾತ್ರ. ಬೊಲ್ಶೆವಿಕರು ಜಾಸ್ತಿ ದಿನ ಇರಲ್ಲ ಅನ್ನೋ ಲೆಕ್ಕಾಚಾರ ಕೊಂಡವರದು. ಜಗತ್ತಿನ ಅತಿ ಬುದ್ಧಿವಂತ ಕಂಪನಿಗಳಲ್ಲಿ ಒಂದು ಮಾಡಿದ ಬೆಟ್ಟು ಇದು. ಏನಾಯ್ತು ಅಂತ ನಿಮಗೆ ಗೊತ್ತೇ ಇದೆ.

ಫ್ರಾನ್ಸಿನಲ್ಲಿ ಪೆಟ್ಟು ಬಿದ್ದದ್ದು ಸಾಮಾನ್ಯ ಮನೆಗಳಿಗೆ. ಮೇಷ್ಟರು, ಅಂಗಡಿಯವರು, ವಿಧವೆಯರು ತಮ್ಮ ಉಳಿತಾಯವನ್ನ ರಷ್ಯಾ ಬಾಂಡುಗಳಲ್ಲಿ, ಷೇರುಗಳಲ್ಲಿ ಇಟ್ಟಿದ್ರು. ಮಕ್ಕಳು, ಮೊಮ್ಮಕ್ಕಳು ಆ ಕಾಗದಗಳನ್ನ ಜೋಪಾನ ಮಾಡಿದ್ರು. 1986ರಲ್ಲಿ ಸೋವಿಯತ್ ಒಕ್ಕೂಟ ಬ್ರಿಟನ್ ಜೊತೆ ಹಳೇ ಬಾಕಿ ಇತ್ಯರ್ಥ ಮಾಡ್ಕೊಂಡಿತು. ರಷ್ಯಾ ಮತ್ತು ಫ್ರಾನ್ಸ್ ನಡುವಿನ ಒಪ್ಪಂದ ಆಗಿದ್ದು 1996-97ರಲ್ಲಿ. ರಷ್ಯಾ 40 ಕೋಟಿ ಡಾಲರ್ ಕೊಡೋಕೆ ಒಪ್ಪಿತು. 1998ರಲ್ಲಿ ಫ್ರೆಂಚ್ ಸರ್ಕಾರ ಯಾರ ಹತ್ತಿರ ಏನಿದೆ ತನ್ನಿ ಅಂದಾಗ ಮೂರು ಲಕ್ಷಕ್ಕೂ ಹೆಚ್ಚು ಜನ ಕಾಗದ ಹಿಡ್ಕೊಂಡು ಬಂದ್ರು. 80 ವರ್ಷ ಆದ್ಮೇಲೆ! ಸಿಕ್ಕಿದ್ದು ಮೂಲ ಬೆಲೆಯ ಚೂರುಪಾರು.

ನಿಮಗೂ ಆಸಕ್ತಿ ಬಂದ್ರೆ

ಈಗ ಕೆಲವು ಕೆಲಸದ ಮಾತು. ಶುರು ಮಾಡೋಕೆ ಭಾರಿ ದುಡ್ಡು ಬೇಕಾಗಿಲ್ಲ. ಲಕ್ಷಗಟ್ಟಲೆ ಮುದ್ರಣವಾದ ರೈಲ್ವೆ ಬಾಂಡುಗಳು ಇವತ್ತಿಗೂ ಧಾರಾಳ, ಹಾಗಾಗಿ ಅಗ್ಗ. ಸಣ್ಣ ಕಾರ್ಖಾನೆಗಳ, ಕಡಿಮೆ ಸಂಖ್ಯೆಯಲ್ಲಿ ಉಳಿದಿರೋ ಷೇರುಗಳು ದುಬಾರಿ. 1799ರಲ್ಲಿ ಶುರುವಾಗಿ ಅಲಾಸ್ಕಾ ಆಳಿದ ರಷ್ಯನ್-ಅಮೆರಿಕನ್ ಕಂಪನಿಯ ಪತ್ರ ನನ್ನಂಥವನ ಕೈಗೆ ಎಟುಕೋದಲ್ಲ. ಒಂದು ಮಾತು ಮರೀಬೇಡಿ: ಹಳೇದು ಅಂದ ಮಾತ್ರಕ್ಕೆ ಬೆಲೆ ಬರಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು, ಕಾಗದದ ಸ್ಥಿತಿ ಹೇಗಿದೆ, ಈ ಮೂರೇ ಬೆಲೆ ನಿರ್ಧಾರ ಮಾಡೋದು.

ನಕಲಿ ಇವೆ. ಒಮ್ಮೆ ಆನ್‌ಲೈನ್ ಮಾರಾಟಗಾರರೊಬ್ಬರಿಂದ ನನಗೆ ಬಂದದ್ದು ಕಲರ್ ಪ್ರಿಂಟ್. ಭೂತಗನ್ನಡಿ ಇಟ್ಟ ಕೂಡಲೇ ಸಿಕ್ಕಿಬಿತ್ತು, ಯಾಕಂದ್ರೆ ಅಂಚಿನ ಬಳ್ಳಿಯ ಗೆರೆಗಳು ಸಣ್ಣ ಸಣ್ಣ ಬಣ್ಣದ ಚುಕ್ಕಿಗಳಾಗಿ ಒಡೆದುಹೋದ್ವು. ಅಸಲಿಯಲ್ಲಿ ಗೆರೆ ಗೆರೆಯಾಗೇ ಇರುತ್ತೆ. ನಿಮ್ಮ ಫೋನಿನ ಕ್ಯಾಮೆರಾ ಝೂಮ್ ಮಾಡಿದ್ರೂ ಇದು ಗೊತ್ತಾಗುತ್ತೆ. ವಾಪಸ್ ಕಳಿಸಿ ದುಡ್ಡು ತಗೊಂಡೆ. ಕೊಳ್ಳೋಕೆ ಮುಂಚೆ ಎರಡೂ ಬದಿಯ ಫೋಟೊ ಕೇಳಿ, ವಾಪಸಾತಿ ನಿಯಮ ಓದಿ.

ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಮಾರ್ಕ್ಸ್ ಕಾರ್ಡಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸೋ ಅಭ್ಯಾಸ ನಮ್ಮದು. ಬಿಸಿ ಮತ್ತು ಅಂಟು ಸೇರಿ ಕಾಗದವನ್ನ ಶಾಶ್ವತವಾಗಿ ಕೆಡಿಸುತ್ತವೆ. ಪಾಲಿಯೆಸ್ಟರ್ ಹಾಳೆಯ ಕವರಿನಲ್ಲಿ, ಮಡಿಚದೆ, ಬಿಸಿಲು ತಾಗದ ಕಡೆ ಇಡಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ತೇವ ಹೀರೋ ಸಿಲಿಕಾ ಪೊಟ್ಟಣ ಹಾಕಿಡಿ.

ಇನ್ನೊಂದು ಎಚ್ಚರಿಕೆ. 'ಈ ಹಳೇ ಬಾಂಡಿಗೆ ಬಡ್ಡಿ ಸೇರಿ ಕೋಟಿಗಟ್ಟಲೆ ಬರುತ್ತೆ, ಸದ್ಯದಲ್ಲೇ ಸರ್ಕಾರ ಕೊಡುತ್ತೆ, ಈಗ ಸ್ವಲ್ಪ ದುಡ್ಡು ಹಾಕಿ' ಅಂತ ವಾಟ್ಸಾಪಿನಲ್ಲಿ ಯಾರಾದ್ರೂ ಬಂದ್ರೆ ಬ್ಲಾಕ್ ಮಾಡಿ. ರದ್ದಾದ ಹಳೇ ಬಾಂಡುಗಳ ಹೆಸರಲ್ಲಿ ಹಲವು ದೇಶಗಳಲ್ಲಿ ವಂಚನೆ ನಡೆದಿದೆ. ಈ ಕಾಗದಕ್ಕೆ ಇರೋದು ಇತಿಹಾಸದ ಬೆಲೆ, ಸಂಗ್ರಹಕಾರ ಕೊಡೋ ಬೆಲೆ. ಅಷ್ಟೇ.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ಮನೆಗಳಲ್ಲಿದೆ. ಅಜ್ಜಿಯ ಟ್ರಂಕಿನಲ್ಲೋ, ಅಟ್ಟದ ಮೇಲಿನ ಫೈಲಿನಲ್ಲೋ ಭಾರತೀಯ ಕಂಪನಿಗಳ ಹಳೇ ಕಾಗದದ ಷೇರು ಸಿಕ್ಕಿದ್ರೆ ಅದನ್ನ ಆ್ಯಂಟಿಕ್ ಅಂತ ಮಾರಬೇಡಿ. ಆ ಕಂಪನಿ ಬದುಕಿರಬಹುದು, ಹೆಸರು ಬದಲಾಗಿರಬಹುದು, ಇನ್ನೊಂದರಲ್ಲಿ ವಿಲೀನ ಆಗಿರಬಹುದು. 2019ರ ಏಪ್ರಿಲ್ 1ರಿಂದ ನಮ್ಮಲ್ಲಿ ಲಿಸ್ಟೆಡ್ ಕಂಪನಿಗಳ ಷೇರುಗಳನ್ನ ಕಾಗದದ ರೂಪದಲ್ಲೇ ಇನ್ನೊಬ್ಬರಿಗೆ ಮಾರಿ ವರ್ಗಾಯಿಸೋಕೆ ಆಗಲ್ಲ, ಡಿಮ್ಯಾಟ್ ಮಾಡಿಸಬೇಕು. ಸತತ ಏಳು ವರ್ಷ ಲಾಭಾಂಶ ಯಾರೂ ಕೇಳದಿದ್ರೆ ಷೇರುಗಳು ಕೇಂದ್ರ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ಹೋಗುತ್ತವೆ. ಹೋದ್ರೂ ಹಕ್ಕು ಸಾಯಲ್ಲ, ವಾರಸುದಾರರು ದಾಖಲೆ ಕೊಟ್ಟು ಅರ್ಜಿ ಹಾಕಿ ವಾಪಸ್ ಪಡೀಬಹುದು. ರಷ್ಯಾದ ಷೇರುದಾರನಿಗೆ ಇಲ್ಲದೇ ಹೋದದ್ದು ಇದೇ, ಅರ್ಜಿ ಹಾಕೋಕೆ ಒಂದು ಬಾಗಿಲು.

ಇವತ್ತು ನಮ್ಮ ಷೇರುಗಳಿಗೆ ಕಾಗದ ಇಲ್ಲ, ಬಳ್ಳಿಯ ಚಿತ್ತಾರ ಇಲ್ಲ, ಕತ್ತರಿಸೋ ಚೀಟಿ ಇಲ್ಲ. ಹಸಿರು, ಕೆಂಪು ಅಂಕಿ ಮಾತ್ರ. ಆದ್ರೆ ಆ ಅಂಕಿ ನಿಂತಿರೋದು ಅಂದು ನಿಂತಿದ್ದ ಜಾಗದಲ್ಲೇ: ಯಾವುದೋ ಊರಿನ ನೆಲ, ಅಲ್ಲಿ ದುಡಿಯೋ ಜನ, ಅದು ನಿಮ್ಮದು ಅಂತ ಒಪ್ಪೋ ಕಾನೂನು. ಮುಂದಿನ ಸಲ ಯಾವುದಾದ್ರೂ ಷೇರಿಗೆ 'ಬೈ' ಒತ್ತೋ ಮುಂಚೆ ಈ ಮೂರರ ಬಗ್ಗೆ ಐದು ನಿಮಿಷ ಹುಡುಕಿ ಓದಿ. ನನ್ನ ಹತ್ತಿರ ಇರೋದು ಇದೊಂದೇ ಟಿಪ್.

ನಿಮ್ಮ ಮನೆಯ ಹಳೇ ಫೈಲುಗಳಲ್ಲಿ ಇಂಥ ಕಾಗದ ಏನಾದ್ರೂ ಸಿಕ್ಕಿದ್ರೆ ನಮಗೆ ಬರೆದು ತಿಳಿಸಿ. ಪತ್ರದ ಸಂಖ್ಯೆ, ಹೆಸರು ಕಾಣೋ ಹಾಗೆ ಫೋಟೊ ಮಾತ್ರ ಎಲ್ಲೂ ಹಾಕಬೇಡಿ.